ಎಡಗಾಲಿಗೆ ಕೆಲಸವಿಲ್ಲದ ಕಾರು

ವಯಸ್ಸಾದಂತೆ ಮನುಷ್ಯನಿಗೆ ಆಯ್ಕೆಗಳು ಕಡಿಮೆಯಾಗುತ್ತವೆ ಎನ್ನುವವರು ರಾಯಚೂರಿನಲ್ಲಿ ಕಾರು ಕೊಳ್ಳಲು ಹೋಗಿರಲಿಕ್ಕಿಲ್ಲ. ಬಣ್ಣ ಆರಿಸಿ ಉಸಿರು ಬಿಡುವಷ್ಟರಲ್ಲಿ ಶೋರೂಮಿನವನು, "ಗೇರ್ ಯಾವ್ದ್ ಬೇಕ್ರಿ ಸರ್?" ಎಂದ. ಕ್ಲಚ್ ಒತ್ತಿ ನಾವೇ ಹಾಕುವುದು ಒಂದು. ಕ್ಲಚ್ಚಿಲ್ಲದೆ ತಾನೇ ಜಗ್ಗಿ ಬದಲಿಸಿಕೊಳ್ಳುವುದು ಇನ್ನೊಂದು. ಬದಲಾದದ್ದೇ ತಿಳಿಯದಂತೆ ಬೆಣ್ಣೆಯ ಹಾಗೆ ಜಾರುವುದು ಮತ್ತೊಂದು. ಮೂರನೆಯದಕ್ಕೆ ಬೆಲೆ ಕೇಳಿದ ಕೂಡಲೇ ಕೈಮುಗಿದೆವು. ಉಳಿದದ್ದು ಎರಡು. ಮನೆಯಲ್ಲಿ ಬಣಗಳೂ ಎರಡಾದವು.

ಕಾರು ಬೇಕಾಗಿದ್ದದ್ದು ನನ್ನ ಹೆಂಡತಿ ಮಹಾದೇವಿಗೆ. ಗಬ್ಬೂರಿನ ಶಾಲೆಯಲ್ಲಿ ಟೀಚರ್. ದೇವದುರ್ಗದ ಬಸ್ಸಿನಲ್ಲಿ ಒಂಟಿಗಾಲಲ್ಲಿ ನಿಂತು ಸಾಕಾಗಿ, ತಾನೇ ಓಡಿಸಿಕೊಂಡು ಹೋಗಬೇಕೆಂದು ಹಟ ಹಿಡಿದಿದ್ದಳು. ಡ್ರೈವಿಂಗ್ ಕಲಿತಿದ್ದಳು, ಕ್ಲಚ್ಚಿಗೂ ಅವಳಿಗೂ ಮಾತ್ರ ಕೂಡಿಬರಲಿಲ್ಲ. ನಾನೋ, ಗೇರ್ ಹಾಕದವನು ಡ್ರೈವರೇ ಅಲ್ಲ ಎನ್ನುವವನು. ಇದನ್ನು ಅವಳಿಗೆ ಸಮಾಧಾನದಿಂದ ವಿವರಿಸಿದೆ ಎಂದು ನನ್ನ ನೆನಪು. ಅವಳ ನೆನಪಿನಲ್ಲಿ ನಾನು ಚಹಾದ ಕಪ್ಪು ಕುಕ್ಕಿದ್ದೇನೆ. ಕಪ್ಪಿನ ಹಿಡಿಕೆ ಮುರಿದಿರುವುದು ನಿಜ. ಯಾವಾಗ ಮುರಿಯಿತೆಂದು ಹೇಳಲಾರೆ.

ತೀರ್ಪು ಹೇಳಲು ಮಾನ್ವಿಯಿಂದ ಅವಳ ತಮ್ಮ ಅಮರೇಶ ಬಂದ. ಟ್ರ್ಯಾಕ್ಟರ್ ಓಡಿಸುವವನು. "ಮಾಮಾ, ಗೇರಿಲ್ಲದ ಗಾಡಿ ಅಂದ್ರ ಮಿರ್ಚಿ ಇಲ್ಲದ ಒಗ್ಗರಣಿ ಇದ್ದಂಗ" ಎಂದು ನನ್ನ ಕಡೆಗೇ ವಾಲಿದ. ಆದರೂ ಒಮ್ಮೆ ನೋಡಿಬಿಡೋಣವೆಂದು ಕ್ಲಚ್ಚಿಲ್ಲದ ಗಾಡಿಯಲ್ಲಿ, ಶೋರೂಮಿನವನನ್ನೂ ಕೂರಿಸಿಕೊಂಡು, ಕಲ್ಮಲದ ಕಡೆ ಹೊರಟೆವು.

ಮೊದಲು ನಾನೇ ಕುಳಿತೆ. ಕುರಿಗಳು ಅಡ್ಡ ಬಂದವು. (ಒಂದೇ ಎಮ್ಮೆ ಎನ್ನುತ್ತಾಳೆ ಮಹಾದೇವಿ.) ನನ್ನ ಎಡಗಾಲು ತನ್ನಷ್ಟಕ್ಕೆ ಕ್ಲಚ್ಚನ್ನು ಬಲವಾಗಿ ಒತ್ತಿತು. ಅಲ್ಲಿ ಕ್ಲಚ್ಚೆಲ್ಲಿದೆ? ಕಾಲಿಗೆ ಸಿಕ್ಕಿದ್ದು ಅಗಲವಾದ ಬ್ರೇಕು. ಗಾಡಿ ನೆಟ್ಟ ಕಂಬದಂತೆ ನಿಂತಿತು. ಹಿಂದೆ ಕುಳಿತಿದ್ದ ಅಮರೇಶನ ಹಣೆ ಮುಂದಿನ ಸೀಟಿಗೆ ಬಡಿಯಿತು.

"ಯಪ್ಪಾ! ಮಾಮಾ, ನಮ್ಮನ್ನ ಕೊಲ್ಲಾಕತ್ತೀರೇನು?"

"ಎಡಗಾಲು ಮಡಚಿ ಕುಂದರ್ರಿ ಸರ್, ಊಟಕ್ಕ ಕುಂತಂಗ" ಎಂದ ಶೋರೂಮಿನವನು.

ಮಡಚಿದೆ. ಮುಂದೆ ರಸ್ತೆಯ ಉಬ್ಬು ಕಂಡದ್ದೇ ಕಾಲು ಬಿಡಿಸಿಕೊಂಡು ಮತ್ತೆ ಬ್ರೇಕಿನ ಮೇಲೆ ಬಿತ್ತು.

"ಎತ್ತಿಗೆ ಕಟ್ಟಿದಂಗ ಹಗ್ಗ ಕಟ್ಟಲೇನ್ರಿ?" ಎಂದಳು ಮಹಾದೇವಿ. "ಇಳೀರಿ."

ಅವಳು ಸ್ಟೇರಿಂಗ್ ಹಿಡಿದಳು. ಗಾಡಿ ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಕೆಮ್ಮಲಿಲ್ಲ. ಗೇರು ಬದಲಾಗುವಾಗ ಮಾತ್ರ ಒಂದು ಕ್ಷಣ ತಡೆದು ಎಳೆಯುತ್ತಿತ್ತು. ಒಳಗಿದ್ದವರ ತಲೆಗಳೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತಿದ್ದವು. ಕಲ್ಮಲ ದಾಟುವಾಗ ಅವಳು ಕೇಳಿದಳು: "ಹಂಗಾರ ಇದನ್ನ ತಗೊಳ್ಳೋಣಲ್ರಿ?" ಗೇರು ಬದಲಾಯಿತು. ಮೂವರೂ ಗೋಣು ಹಾಕಿದೆವು.

"ನಾ ಎಲ್ಲಿ ಹೂಂ ಅಂದೀನಿ?" ಎಂದು ಶೋರೂಮಿನಲ್ಲಿ ಸಿಡುಕಿದೆ.

"ಗೋಣು ಹಾಕಿದ್ರಲ್ಲ ಮಾಮಾ, ನಾ ನೋಡೀನಿ" ಎಂದ ಅಮರೇಶ, ಹಣೆ ತಿಕ್ಕಿಕೊಳ್ಳುತ್ತ.

ಈಗ ಅವಳು ಗಬ್ಬೂರಿಗೆ ಒಬ್ಬಳೇ ಹೋಗಿ ಬರುತ್ತಾಳೆ. ರವಿವಾರ ಪಕ್ಕದ ಸೀಟು ನನಗೆ. ಉಬ್ಬು ಬಂದಾಗಲೆಲ್ಲ ನನ್ನ ಎಡಗಾಲು ಬರಿಯ ಮ್ಯಾಟನ್ನು ಒತ್ತುತ್ತದೆ. ಅವಳು ನೋಡಿಯೂ ನೋಡದಂತಿರುತ್ತಾಳೆ. ಗೇರು ಯಾವಾಗ ಬದಲಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಾಗಿದೆ. ಸರಿಯಾಗಿ ಅದಕ್ಕೆ ಮುಂಚೆ ಕೇಳುತ್ತಾಳೆ: "ಬ್ಯಾಸಗಿ ರಜಾದಾಗ ನಾ ಮಾನ್ವಿಗೆ ಹೋಗ್ತೀನಿ, ಅಡಗಿ ನೀವ ಮಾಡ್ಕೋತೀರಲ್ರಿ?"

ನನ್ನ ಗೋಣು ಬಾಗುತ್ತದೆ. ಇತ್ತೀಚೆಗೆ ಗಾಡಿ ನಿಂತಿದ್ದಾಗಲೂ ಬಾಗುತ್ತಿದೆ.