ಜಿರಾಫೆಯ ಬೇಲಿಯೊಳಗೆ ಫ್ಯೂಸಣ್ಣನ ಸಂಸಾರ

ಎಲ್ಲ ಶುರುವಾದದ್ದು ಒಂದು ಗೂಟದಿಂದ. ಸಫಾರಿ ಪಾರ್ಕಿನ ವೈರ್‌ಮನ್, ಎಲ್ಲರ ಬಾಯಲ್ಲಿ ಫ್ಯೂಸಣ್ಣ, ಬೆಳಿಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಳು. ಅವಳ ಸೋರೆ ಚಪ್ಪರದ ನಟ್ಟನಡುವೆ ಕೆಂಪು ಬಣ್ಣ ಬಳಿದ ಗೂಟವೊಂದು ಎದ್ದಿತ್ತು. ಜಿರಾಫೆಗೆ ಹಳೆಯ ಆವರಣ ಇಕ್ಕಟ್ಟಾಯಿತೆಂದು ದೊಡ್ಡದೊಂದನ್ನು ಕಟ್ಟುತ್ತಿದ್ದರು. ಬೇಲಿ ಮುಕ್ಕಾಲು ಮುಗಿದಿತ್ತು. ಇವರ ಕ್ವಾರ್ಟರ್ಸಿನ ಪಕ್ಕದ ಮೂಲೆಯೊಂದೇ ಬಾಕಿ. ಆ ಮೂಲೆಯ ಗೂಟವೇ ಇದು.

"ಬಳ್ಳಿ ಈಗ ತಾನೇ ಹೂ ಬಿಟ್ಟಿದೆ ರೀ. ಆ ಗೂಟ ಒಂಚೂರು ಆಚೆಗಿಡಿ," ಎಂದಳು.

"ಗೂಟ ಮುಟ್ಟಿದವನಿಗೆ ಕೆಲಸಾನೂ ಇಲ್ಲ, ಕ್ವಾರ್ಟರ್ಸೂ ಇಲ್ಲ ಅಂತ ಸಾಹೇಬ್ರು ನಿನ್ನೆ ತಾನೇ ಹೇಳಿದ್ದಾರೆ ಕಣೆ."

"ಬಳ್ಳಿಗೆ ನೀರು ಹಾಕಿದ್ದು ನಾನೋ, ಸಾಹೇಬ್ರೋ?"

ಫ್ಯೂಸಣ್ಣ ಅತ್ತಿತ್ತ ನೋಡಿ ಗೂಟ ಕಿತ್ತ. ಚಪ್ಪರದ ಆಚೆ ಬರೀ ಬಂಡೆ, ಎಷ್ಟು ಬಡಿದರೂ ಇಳಿಯಲಿಲ್ಲ. ಕೊನೆಗೆ ಮನೆಯ ಹಿಂದೆ ಮೆತ್ತನೆಯ ಮಣ್ಣು ಸಿಕ್ಕಿತು. ಅಲ್ಲಿ ಹೊಡೆದು, ಕೈ ತೊಳೆದುಕೊಂಡು, ಸಿಂಹದ ಕಡೆಯ ದೀಪ ರಿಪೇರಿಗೆ ಹೊರಟುಹೋದ.

ಮಧ್ಯಾಹ್ನ ಊಟಕ್ಕೆ ಬಂದರೆ ಮನೆಗೆ ದಾರಿಯೇ ಇಲ್ಲ. ಎರಡಾಳೆತ್ತರದ ತಂತಿ ಬೇಲಿ ಹಿತ್ತಲಿನಿಂದ ಸುತ್ತಿಕೊಂಡು ಹೋಗಿತ್ತು. ಬೇಲಿಯೊಳಗೆ ಮನೆ, ಮನೆಯೊಳಗೆ ಹೆಂಡತಿ. ಬೇಲಿ ಮೇಸ್ತ್ರಿ ಹೊರಗೆ ಮರದ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದ.

"ಏನಯ್ಯಾ ಮೇಸ್ತ್ರಿ, ನನ್ನ ಮನೇನೂ ಒಳಗೆ ಹಾಕಿದ್ದೀಯಲ್ಲ?"

"ಗೂಟ ಎಲ್ಲಿದೆಯೋ ಬೇಲಿ ಅಲ್ಲಿ. ಜಿರಾಫೆಗೂ ಒಂದು ಶೆಡ್ ಬೇಕಲ್ವಾ, ಇದೇ ಇರ್ಬೇಕು ಅಂದ್ಕೊಂಡೆ. ಸ್ವಲ್ಪ ತಗ್ಗಾಯ್ತು ಅನ್ನಿಸ್ತು, ಆದ್ರೆ ನನಗ್ಯಾಕೆ ಊರ ಉಸಾಬರಿ?"

ಗೂಟ ತಪ್ಪು ಜಾಗದಲ್ಲಿದೆ ಎಂದರೆ, ಸರಿಯಾದ ಜಾಗ ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಫ್ಯೂಸಣ್ಣ ಬೇಲಿಯ ಸುತ್ತ ದಾರಿ ಹುಡುಕಿದ. ಒಳಗೆ ಹೋಗಲು ಸಫಾರಿ ಬಸ್ಸಿನ ಗೇಟೊಂದೇ ದಾರಿ. ಓಡಿಹೋಗಿ ಬಸ್ಸು ಹತ್ತಿದರೆ ಡ್ರೈವರ್ ಕೈ ಚಾಚಿದ.

"ಟಿಕೆಟ್?"

"ನನ್ನ ಮನೆಗೆ ಹೋಗೋಕೆ ಟಿಕೆಟ್ಟೇನೋ?"

"ಜಿರಾಫೆ ನೋಡೋರಿಗೆಲ್ಲ ಟಿಕೆಟ್ಟೇ. ಇಲ್ಲಾಂದ್ರೆ ಕಣ್ಣು ಮುಚ್ಕೊಂಡು ಬಾ."

ಫ್ಯೂಸಣ್ಣ ಟಿಕೆಟ್ ತೆಗೆದುಕೊಂಡ. ಬಸ್ಸು ಗೇಟು ದಾಟುವಷ್ಟರಲ್ಲಿ ಜಿರಾಫೆಯನ್ನು ಬಿಟ್ಟಾಗಿತ್ತು. ಅಷ್ಟು ದೊಡ್ಡ ಬಯಲಿನಲ್ಲಿ ಅದಕ್ಕೆ ಕಂಡದ್ದು ಸೋರೆ ಚಪ್ಪರ ಮಾತ್ರ. ಅವನ ಕಣ್ಣೆದುರೇ ಬಳ್ಳಿ ಹೂವಿನ ಸಮೇತ ಮಾಯವಾಯಿತು. ಹೆಂಡತಿ ಪೊರಕೆ ಹಿಡಿದು ಹೊರಗೆ ಬಂದು ಅದರ ಮೊಣಕಾಲಿಗೆ ನಾಲ್ಕು ಬಿಗಿದಳು. ಜಿರಾಫೆ ಹಿಂದೆ ಸರಿಯಿತು. ಪೀಡೆ ತೊಲಗಿತೆಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ, ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ ಅದು ಅಡುಗೆಮನೆಯ ಕಿಟಕಿಯಲ್ಲಿ ತಲೆ ತೂರಿಸಿತು. ಒಳಗಿನಿಂದ ಸೌಟಿನ ಸದ್ದು, ಬೈಗುಳದ ಸದ್ದು. ಬಸ್ಸಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮುಂದಿನ ಸೀಟಿನ ಅಜ್ಜಿಗೆ ಮಾತ್ರ ಕನಿಕರ. "ಪಾಪ, ಆ ಹೆಂಗಸನ್ನ ಯಾವಾಗಿಂದ ಇಲ್ಲಿಟ್ಟಿದ್ದಾರಪ್ಪಾ?"

"ಹೊಸದು ಅಜ್ಜಿ, ಇವತ್ತೇ ಬಿಟ್ಟಿದ್ದು," ಎಂದ ಡ್ರೈವರ್. "ಅದರ ಜೋಡಿ ಇಲ್ಲೇ, ನಿಮ್ಮ ಹಿಂದೇನೇ ಕೂತಿದೆ."

ಅಷ್ಟು ಹೊತ್ತಿಗೆ ಸಾಹೇಬರ ಜೀಪು ಬಂತು. ಸಾಹೇಬರು ಬೇಲಿ ನೋಡಿದರು, ಮನೆ ನೋಡಿದರು, ಕಿಟಕಿಯಿಂದ ಹೊರಗುಳಿದ ಜಿರಾಫೆಯನ್ನೂ ನೋಡಿದರು. "ಯಾರ್ರೀ ಗೂಟ ಸರಿಸಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತನ್ನನ್ನು ಯಾರೂ ಕೇಳದಿದ್ದರೂ ಫ್ಯೂಸಣ್ಣ ಬಸ್ಸಿನಿಂದ ಇಳಿದೇಬಿಟ್ಟ. "ನಾನಂತೂ ಮುಟ್ಟಿಲ್ಲ ಸಾರ್. ನನ್ನ ಹೆಂಡತಿ ಆಣೆಗೂ ಮುಟ್ಟಿಲ್ಲ. ಮೇಸ್ತ್ರಿಯೇ ಸ್ವಂತ ತಲೆ ಓಡಿಸಿರ್ಬೇಕು."

ಬಾಗಿಲು ತೆರೆದು ಇಣುಕಿದ ಹೆಂಡತಿ ಸೌಟು ಹಿಡಿದುಕೊಂಡೇ ಅವನನ್ನು ದುರುಗುಟ್ಟಿ ನೋಡಿದಳು.

"ಸಂಜೆ ಎಲ್ಲರೂ ಆಫೀಸಿಗೆ ಬನ್ನಿ," ಎಂದು ಸಾಹೇಬರು ಹೊರಟರು.

ಆ ಮಧ್ಯಾಹ್ನ ಫ್ಯೂಸಣ್ಣ ತಟ್ಟೆಯ ಮುಂದೆ ಕೂತು ಲೆಕ್ಕ ಹಾಕಿದ. ನಿಜ ಹೊರಬಿದ್ದರೆ ಕೆಲಸ ಹೋಯಿತು, ಮನೆ ಹೋಯಿತು. ಬೀಳದಿದ್ದರೆ ಏನೂ ಅರಿಯದ ಮೇಸ್ತ್ರಿಯ ಹೊಟ್ಟೆಯ ಮೇಲೆ ಹೊಡೆದಂತಾಯಿತು. ಎರಡಕ್ಕೂ ಅವನಿಗೆ ಅಳು ಬರುತ್ತಿತ್ತು.

ಸಂಜೆ ಆಫೀಸಿನ ಮುಂದೆ ಗಂಡಹೆಂಡತಿ, ಮೇಸ್ತ್ರಿ, ಡ್ರೈವರ್ ಸಾಲಾಗಿ ನಿಂತರು. ಸಾಹೇಬರು ನಗುತ್ತ ಹೊರಗೆ ಬಂದರು.

"ಇಷ್ಟು ದಿನ ಜಿರಾಫೆ ನೋಡಿ ಜನ ಆಕಳಿಸ್ತಿದ್ರು. ಇವತ್ತು ಬಂದೋರೆಲ್ಲ ನಾಳೆ ಮತ್ತೆ ಬರ್ತೀವಿ ಅಂತ ಹೇಳಿ ಹೋಗಿದ್ದಾರೆ. ಬೇಲಿ ಹೀಗೇ ಇರ್ಲಿ. ಫ್ಯೂಸಣ್ಣ, ನೀವೂ ಅಲ್ಲೇ ಇರಿ."

ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು. ಕೆಲಸ ಉಳಿಯಿತು, ಮನೆ ಉಳಿಯಿತು, ಮೇಸ್ತ್ರಿಯೂ ಉಳಿದ. ಫ್ಯೂಸಣ್ಣ ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಒಟ್ಟಿಗೇ ಬಿಟ್ಟ.

"ಇನ್ನು ಗೂಟ ಸರಿಸಿದ ಪುಣ್ಯಾತ್ಮನಿಗೆ," ಎಂದರು ಸಾಹೇಬರು, "ಎಲ್ಲ ಆವರಣಗಳ ಮೇಲ್ವಿಚಾರಕನ ಕೆಲಸ. ಇರೋಕೆ ಗೇಟಿನ ಪಕ್ಕದ ಹೊಸ ಮನೆ."

ಮೇಸ್ತ್ರಿ ಒಮ್ಮೆ ಆಕಾಶ ನೋಡಿದ, ಒಮ್ಮೆ ನೆಲ ನೋಡಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟು, "ಏನೋ ಸಾರ್, ಸ್ವಲ್ಪ ತಲೆ ಓಡಿಸಿದೆ," ಎಂದ.

"ಸಾರ್," ಫ್ಯೂಸಣ್ಣ ಮುಂದೆ ನುಗ್ಗಿದ. "ಆ ಗೂಟ ನಿಜವಾಗಿ..."

"ನಿಜವಾಗಿ ಏನು? ಹೆಂಡತಿ ಮೇಲೆ ಆಣೆ ಇಟ್ಟು ಹೇಳಿದೋರು ನೀವೇ ಅಲ್ವಾ? ಆ ಆಣೆ ಸುಳ್ಳಾ?"

ಹೆಂಡತಿ ಪಕ್ಕದಲ್ಲೇ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಸಾಹೇಬರೂ ನೋಡುತ್ತಿದ್ದರು. ಮೇಸ್ತ್ರಿಯಂತೂ ರೆಪ್ಪೆ ಬಡಿಯದೆ ನೋಡುತ್ತಿದ್ದ.

"ಛೆ ಛೆ, ಆಣೆ ನಿಜಾನೇ ಸಾರ್," ಎಂದ ಫ್ಯೂಸಣ್ಣ. "ಮೇಸ್ತ್ರಿ ಗೂಟ ನೆಟ್ಟಗೆ ಹೊಡೆದಿದ್ದಾರೆ ಅಂತ ಹೇಳೋಕೆ ಬಂದೆ, ಅಷ್ಟೇ."

ಇಬ್ಬರೂ ಬೇಲಿಯೊಳಗಿನ ಮನೆಯ ಕಡೆಗೆ ಹಿಂತಿರುಗಿದರು.

"ಹೋಗ್ಲಿ ಬಿಡು, ಇರೋದಾದ್ರೂ ಉಳೀತಲ್ಲ," ಎಂದ ಅವನು ಮೆಲ್ಲಗೆ.

"ಬಳ್ಳಿ ಹೋಯ್ತು, ಹೊಸ ಮನೇನೂ ಹೋಯ್ತು," ಎಂದಳು ಅವಳು. "ನಿಮ್ಮ ಸುಳ್ಳು ಆಣೆಗೆ ನಾನೊಬ್ಬಳು ಹೋಗಿಲ್ವಲ್ಲ, ಅದೇ ಪುಣ್ಯ. ನಡೀರಿ."