ಪಾಲಿಕೆಯವರು ತೆರೆಸಿದ ಕಿಟಕಿ

ಅಪೇಕ್ಷಾ, ನಿಹಾಲ್, ನೀವಿಬ್ಬರೂ ಕನ್ನಡವನ್ನು ಬೆರಳಿಟ್ಟುಕೊಂಡು ಓದುವವರು ಎಂದು ನನಗೆ ಗೊತ್ತು. ಅದಕ್ಕಾಗಿ ಅಕ್ಷರಗಳನ್ನು ಸ್ವಲ್ಪ ದೊಡ್ಡದಾಗಿಯೇ ಬರೆಯುತ್ತಿದ್ದೇನೆ. ಹೋದ ಭಾನುವಾರ ನೀವು ಉರ್ವದಿಂದ ಬಂದಾಗ, "ಅಜ್ಜಿ, ಮೇಲಿನ ಕೋಣೆಯಲ್ಲಿ ಕಿಟಕಿ ಯಾವಾಗ ಬಂತು?" ಎಂದು ಕೇಳಿದಿರಿ. ನಾನು ಒಲೆಯ ಮೇಲೆ ಎಣ್ಣೆ ಕಾದಿದೆ ಎಂದು ಒಳಗೆ ಓಡಿದೆ. ಎಣ್ಣೆ ಇಟ್ಟಿರಲೇ ಇಲ್ಲ. ಎದುರಿಗೆ ನಿಮ್ಮ ಅಪ್ಪ ಕುಳಿತಿದ್ದರು. ಅಳಿಯನ ಮುಂದೆ ಆ ಕಥೆ ಹೇಳುವುದು ನನ್ನಿಂದಾಗುವ ಕೆಲಸವಲ್ಲ. ಬಾಯಿಗೆ ಬಾರದ್ದು ಕೈಗಾದರೂ ಬಂದೀತು ಎಂದು ಈಗ ಬರೆಯಲು ಕೂತಿದ್ದೇನೆ.

ಮನೆಗಳೂ ಮನುಷ್ಯರ ಹಾಗೆಯೇ ಎಂದು ನನಗೆ ಅನ್ನಿಸುವುದುಂಟು. ಡಾಕ್ಟರರ ಎದುರು ಕೂತ ಕೂಡಲೇ ನಮಗೆ ಯಾವ ನೋವೂ ಇರುವುದಿಲ್ಲ. "ಸೌಖ್ಯ ಉಂಟು, ಸ್ವಲ್ಪ ಗಂಟುನೋವು ಅಷ್ಟೆ" ಎನ್ನುತ್ತೇವೆ. ನಮ್ಮ ಬೋಳಾರದ ಮನೆಯೂ ಅದೇ ಜಾತಿಯದ್ದು. ಹೊರಗಿನಿಂದ ನೋಡಿದರೆ ಸುಣ್ಣ ಬಳಿದು, ತುಳಸಿಕಟ್ಟೆಯ ಎದುರು ರಂಗೋಲಿ ಹಾಕಿಸಿಕೊಂಡು ಬಹಳ ಆರೋಗ್ಯವಾಗಿ ನಿಂತಿರುತ್ತದೆ. ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಿಮ್ಮ ಅಜ್ಜ ಅದನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಿಸಿದರು. ಮಹಡಿ ಮೇಲೆದ್ದ ಮೇಲೆ ಮೆಟ್ಟಿಲಿನ ನೆನಪಾಯಿತು, ಮೆಟ್ಟಿಲು ಆದ ಮೇಲೆ ಅದಕ್ಕೆ ಹಿಡಿದುಕೊಳ್ಳಲು ಏನಾದರೂ ಬೇಕೆಂಬ ನೆನಪಾಯಿತು. "ಸದ್ಯಕ್ಕೆ ಇದಿರಲಿ" ಎಂದು ಅಡಿಕೆ ಮರದ ಒಂದು ಸಲಾಕೆಯನ್ನು ಹಗ್ಗದಿಂದ ಬಿಗಿದರು. ಅವರು ತೀರಿಕೊಂಡ ಮೇಲೂ ಆ ಸದ್ಯ ಮುಗಿದಿರಲಿಲ್ಲ.

ಅವರು ಹೋದ ಮೇಲೆ ಮೇಲಿನ ಎರಡು ಕೋಣೆಗಳನ್ನು ನರ್ಸಿಂಗ್ ಓದುವ ಹುಡುಗಿಯರಿಗೆ ಕೊಟ್ಟದ್ದು ನಿಮ್ಮ ಅಮ್ಮನ ಬುದ್ಧಿವಂತಿಕೆ. ನಾನು ಮೊದಲು ಬೇಡವೆಂದಿದ್ದೆ. ಗುರುತಿಲ್ಲದವರ ಹತ್ತಿರ ಮಾತಾಡುವುದೆಂದರೆ ನನಗೆ ಬಾಲ್ಯದಿಂದಲೂ ಸಂಕಟ. ನಮ್ಮ ಊರಿನ ಶಾಲೆಯಲ್ಲಿ ಹಾಜರಿ ಕರೆಯುವಾಗ ನಾನು "ಹಾಜರ್" ಎಂದದ್ದು ನನಗೇ ಕೇಳುತ್ತಿರಲಿಲ್ಲ. ಮಾಸ್ತರರು ನನ್ನ ಮುಖ ನೋಡಿಕೊಂಡೇ ಗೈರುಹಾಜರಿ ಹಾಕುತ್ತಿದ್ದರು. "ಬಾಯಿ ಬಿಟ್ಟರೆ ಮಾತ್ರ ನೀನು ಬಂದ ಹಾಗೆ" ಎನ್ನುತ್ತಿದ್ದರು. ಹಾಗೆ ದಿನವೂ ಶಾಲೆಗೆ ಹೋಗಿ, ಬಾರದವಳೆಂದು ಹೆಸರು ಪಡೆದವಳು ನಾನು.

ಆದರೆ ಈ ಹುಡುಗಿಯರು ನಾನು ಮಾತಾಡಲಿ ಎಂದು ಕಾಯಲಿಲ್ಲ. ಅದರಲ್ಲೂ ಗದಗದ ಕಡೆಯ ಭಾಗ್ಯಶ್ರೀ. ಬಂದ ಮಾರನೆಯ ದಿನವೇ ನನ್ನ ಕೈ ಹಿಡಿದು ಬಿ.ಪಿ. ನೋಡಿ, "ಅಜ್ಜಿ, ಉಪ್ಪಿನಕಾಯಿ ಭರಣಿ ಎಲ್ಲೈತ್ರಿ? ಇವತ್ತಿಂದ ಅದರ ಕೀಲಿ ನನ್ನ ಕಡೆ" ಎಂದಳು. ಮಾವಿನ ಮಿಡಿಯನ್ನು ನನ್ನ ಸ್ವಂತ ಅಡುಗೆಮನೆಯಲ್ಲಿ ಕದ್ದು ತಿನ್ನುವ ಸ್ಥಿತಿ ನನಗೆ ಬಂದದ್ದು ಆಗಿನಿಂದ. ಒಂದೇ ಬೇಸರವೆಂದರೆ ಮಳೆಗಾಲ ಹಿಡಿದದ್ದೇ ಆ ಮಗುವಿಗೆ ಕೆಮ್ಮು ಶುರುವಾಯಿತು. ನಾನು ಶುಂಠಿ, ಕಾಳುಮೆಣಸು ಹಾಕಿ ಕಷಾಯ ಮಾಡಿ ಕೊಟ್ಟೆ. ತಲೆಗೆ ಸ್ನಾನ ಮಾಡಬೇಡ ಎಂದೆ. ಗದಗದವರಿಗೆ ನಮ್ಮ ಊರಿನ ನೀರು ಒಗ್ಗುವುದಿಲ್ಲ ಎಂದು ನೀರಿನ ಮೇಲೂ ತಪ್ಪು ಹಾಕಿದೆ. ಪರೀಕ್ಷೆ ಹತ್ತಿರ ಬಂದರೂ ಕೆಮ್ಮು ಹೋಗಲಿಲ್ಲ.

ಹೀಗಿರುವಾಗ ಪಾಲಿಕೆಯ ಆರೋಗ್ಯ ಇನ್‌ಸ್ಪೆಕ್ಟರರು ಬಂದರು. ಬಾಡಿಗೆಗೆ ಮಕ್ಕಳನ್ನು ಇಟ್ಟುಕೊಂಡ ಹಳೆಯ ಮನೆಗಳನ್ನೆಲ್ಲ ನೋಡುತ್ತಿದ್ದಾರಂತೆ. ನಾನು ಬಾಗಿಲ ಹಿಂದೆ ಅರ್ಧ ಅಡಗಿ ನಿಂತದ್ದನ್ನು ನೋಡಿ ಅವರೇ ಸಮಾಧಾನ ಹೇಳಿದರು. "ಹೆದರ್ಬೇಡಿ ಅಮ್ಮ. ಹೊಸ ಕಟ್ಟಡದ ಹಾಗೆ ಎಲ್ಲ ಕೇಳುದಿಲ್ಲ ನಾವು. ಹಳೆ ಮನೆಗೆ ಕಡಿಮೆಯಲ್ಲಿ ಇಷ್ಟಾದ್ರೂ ಬೇಕು ಅಂತ ಉಂಟು. ಮೆಟ್ಟಿಲಿಗೆ ಗಟ್ಟಿ ಹಿಡಿ, ನೀರಿನ ಟಾಂಕಿಗೆ ಮುಚ್ಚಳ, ಮಲಗುವ ಕೋಣೆಗೆ ತೆರೆಯುವ ಕಿಟಕಿ. ಅಷ್ಟು ಇದ್ರೆ ಆಯ್ತು."

ಹಿಡಿ ಗಟ್ಟಿ ಇದೆಯೇ ಎಂದು ನೋಡಲು ಅವರು ಮೆಟ್ಟಿಲು ಹತ್ತುತ್ತಾ ಅಡಿಕೆ ಸಲಾಕೆಯನ್ನು ಒಮ್ಮೆ ಅಲ್ಲಾಡಿಸಿದರು. ಅದು ಇಡಿಯಾಗಿ ಅವರ ಕೈಗೇ ಬಂತು. ಅರ್ಧ ಮೆಟ್ಟಿಲಿನಲ್ಲಿ, ನೇತ್ರಾವತಿಯಲ್ಲಿ ದೋಣಿ ನಡೆಸುವವರ ಹಾಗೆ, ಅವರು ಅದನ್ನು ಹಿಡಿದು ನಿಂತರು. "ಇದು ಎಂತ ಅಮ್ಮ?" ಎಂದರು. "ಸದ್ಯಕ್ಕೆ" ಎಂದೆ.

ಭಾಗ್ಯಶ್ರೀಯ ಕೋಣೆಯಲ್ಲಿ ನಡುಮಧ್ಯಾಹ್ನ ಟ್ಯೂಬ್‌ಲೈಟ್ ಉರಿಯುತ್ತಿತ್ತು. "ಕಿಟಕಿ?" ಎಂದರು. "ಉಂಟು" ಎಂದೆ. "ಎಲ್ಲಿ ಉಂಟು?" "ಕಪಾಟಿನ ಹಿಂದೆ ಉಂಟು." ಅವರು ಆ ಹಲಸಿನ ಮರದ ಕಪಾಟನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಇಷ್ಟು ದೊಡ್ಡ ಕಪಾಟನ್ನು ಕಿಟಕಿಗೇ ಯಾಕೆ ಅಡ್ಡ ಇಟ್ರಿ ಮಾರಾಯ್ರೆ?" ಎಂದು ಕೇಳಿದರು.

ಮಕ್ಕಳೇ, ನನಗೆ ಬಾಯಿ ಕಟ್ಟಿದ್ದು ಇಲ್ಲಿ. ನಮ್ಮ ನೆರೆಮನೆಯ ಸಂಕಪ್ಪಣ್ಣನವರ ಹಿತ್ತಿಲಲ್ಲಿ ನಾಗನ ಕಟ್ಟೆ ಉಂಟಲ್ಲ, ಆ ಕಿಟಕಿ ತೆರೆದರೆ ನೇರ ಅಲ್ಲಿಗೇ ಕಾಣುತ್ತದೆ. ನಿಮ್ಮ ಅಮ್ಮ ದೊಡ್ಡವಳಾದ ವರ್ಷ ನನ್ನ ಅತ್ತೆ, "ಹೆಣ್ಣುಮಗು ತಿಂಗಳ ಆ ದಿನಗಳಲ್ಲಿ ನಾಗನಿಗೆ ಕಾಣಬಾರದು" ಎಂದು ಆಳುಗಳನ್ನು ಕರೆಸಿ ಕಪಾಟನ್ನು ಅಲ್ಲಿಗೆ ಸರಿಸಿದರು. ನಾನು ಯಾಕೆಂದು ಕೇಳಲಿಲ್ಲ. ಅತ್ತೆ ತೀರಿಕೊಂಡರು, ನಿಮ್ಮ ಅಮ್ಮ ಮದುವೆಯಾಗಿ ಹೋದಳು, ಕಪಾಟು ಮಾತ್ರ ಅವರ ಮಾತು ಮೀರದೆ ಅಲ್ಲಿಯೇ ನಿಂತಿತು. ಇದನ್ನೆಲ್ಲ ಗುರುತಿಲ್ಲದ ಗಂಡಸಿಗೆ ಹೇಗೆ ಹೇಳುವುದು? ನಾಲಿಗೆಯ ತುದಿಗೆ ಏನು ಸಿಕ್ಕಿತೋ ಅದನ್ನೇ ಹೇಳಿದೆ. "ಸೊಳ್ಳೆ" ಎಂದೆ.

ಮಲೇರಿಯಾಕ್ಕೆ ಹೆಸರಾದ ಮಂಗಳೂರಿನ ಆರೋಗ್ಯ ಇನ್‌ಸ್ಪೆಕ್ಟರರ ಮುಂದೆ ಹೇಳಬಾರದ ಮಾತೊಂದಿದ್ದರೆ ಅದು ಇದೇ. ಅವರ ಮುಖವೇ ಬದಲಾಯಿತು. ಅಲ್ಲಿಯವರೆಗೆ ಹೇಗೋ ಕೆಲಸ ಮುಗಿಸಿ ಹೊರಡುವ ಆತುರದಲ್ಲಿದ್ದವರು ಬ್ಯಾಗಿನಿಂದ ಟಾರ್ಚ್ ತೆಗೆದರು. "ಸೊಳ್ಳೆ ಉಂಟಾ? ಜಾಸ್ತಿ ಉಂಟಾ? ಮನೆಯಲ್ಲಿ ಯಾರಿಗಾದ್ರೂ ಜ್ವರ ಉಂಟಾ?" ಎಂದು ಕೇಳುತ್ತಾ ಸರಸರನೆ ಇಳಿದು ಹೊರಗೆ ನಡೆದರು. ಬಾವಿಗೆ ಇಣುಕಿದರು. ಬಸಳೆ ಚಪ್ಪರದ ಬುಡ ನೋಡಿದರು. ತೆಂಗಿನ ಚಿಪ್ಪುಗಳನ್ನು ಒಂದೊಂದಾಗಿ ಮಗುಚಿದರು. ಕೊನೆಗೆ ಹಿತ್ತಿಲ ಮೂಲೆಯಲ್ಲಿ, ಗ್ರೈಂಡರ್ ಬಂದ ಮೇಲೆ ನಾನು ಬಿಸಾಡಲು ಮನಸ್ಸಾಗದೆ ಇಟ್ಟ ಕಡೆಯುವ ಕಲ್ಲಿನ ಎದುರು ಕುಕ್ಕರಗಾಲಲ್ಲಿ ಕೂತರು. ಅದರ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಟಾರ್ಚ್ ಬಿಟ್ಟು ನೋಡಿ, "ಅಮ್ಮ, ಬನ್ನಿ ಬನ್ನಿ, ಇಲ್ಲಿ ಒಂದು ದೊಡ್ಡ ಕುಟುಂಬವೇ ಉಂಟು!" ಎಂದು ಕರೆದರು. ನೀರಿನಲ್ಲಿ ಸೊಳ್ಳೆಮರಿಗಳು ತಲೆಕೆಳಗಾಗಿ ಕುಣಿಯುತ್ತಿದ್ದವು. ನಾನು ಹೇಳಿದ ಸುಳ್ಳು ನನ್ನ ಹಿತ್ತಿಲಲ್ಲೇ ನಿಜವಾಗಿ ಈಜಾಡುತ್ತಿತ್ತು. "ಸೊಳ್ಳೆಯನ್ನು ನೀವೇ ಸಾಕಿ, ಕಿಟಕಿ ಮುಚ್ಚಿ ಮಕ್ಕಳಿಗೆ ಗಾಳಿ ಇಲ್ಲದ ಹಾಗೆ ಮಾಡಿದ್ದಾ?" ಎಂದು ಅವರು ಗದರಿದರು.

ಅಷ್ಟು ಹೊತ್ತಿಗೆ ಡ್ಯೂಟಿ ಮುಗಿಸಿದ ಭಾಗ್ಯಶ್ರೀ ಗೇಟು ತೆಗೆದು ಒಳಗೆ ಬಂದಳು. ಕಪಾಟಿನ ಕಾರಣವನ್ನು ಅವಳಿಗೆ ಒಮ್ಮೆ ನಾನೇ ಕಿವಿಯಲ್ಲಿ ಹೇಳಿದ್ದೆ. ನನ್ನ ಮುಖ ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಅಜ್ಜಿನ್ನ ಯಾಕ ಬೈತೀರಿ ಸರ್? ಕಿಟಕಿ ಸೊಳ್ಳಿ ಸಲುವಾಗಿ ಮುಚ್ಚಿದ್ದಲ್ರಿ. ನಮಗ ತಿಂಗಳಾ ತಿಂಗಳಾ ಮುಟ್ಟಾಗ್ತದಲ್ರಿ, ಆವಾಗ ಬಾಜೂ ಮನಿ ನಾಗಪ್ಪಗ ನಾವು ಕಾಣಬಾರದಂತ. ಅದಕ್ಕರೀ" ಎಂದಳು, ಬಸ್ಸಿನ ಸಮಯ ಹೇಳುವಷ್ಟು ಸಲೀಸಾಗಿ.

ಇನ್‌ಸ್ಪೆಕ್ಟರರು ತಮ್ಮ ಶೂ ನೋಡಿಕೊಂಡರು. ನಾನು ಕಡೆಯುವ ಕಲ್ಲನ್ನು ನೋಡಿದೆ. ನಮ್ಮಿಬ್ಬರಿಗೂ ಆ ಹೊತ್ತಿನಲ್ಲಿ ಸೊಳ್ಳೆಮರಿಗಳಷ್ಟು ಪ್ರಿಯವಾದದ್ದು ಬೇರೆ ಇರಲಿಲ್ಲ. ಕೆಮ್ಮು ಬಂದು ಭಾಗ್ಯಶ್ರೀ ಗೋಡೆಗೆ ಕೈ ಊರಿ ನಿಂತಳು. ಆಗ ಅವರು ತಲೆಯೆತ್ತಿ ಮೆಲ್ಲಗೆ ಹೇಳಿದರು: "ದೇವರ ವಿಷಯಕ್ಕೆ ನಾನು ಬರುದಿಲ್ಲ ಅಮ್ಮ. ನನ್ನ ಮನೆಯಲ್ಲೂ ನಾಗ ಉಂಟು. ಆದ್ರೆ ಆ ಕಪಾಟಿನ ಬದಿಯ ಗೋಡೆ ನೋಡಿದ್ರಾ? ಪೂರ್ತಿ ಬೂಷ್ಟು ಹಿಡಿದಿದೆ. ಇವಳು ತಲೆ ಇಟ್ಟು ಮಲಗುದು ಅಲ್ಲೇ. ಕಿಟಕಿ ತೆರೆಯದೆ ಆ ಕೋಣೆಯಲ್ಲಿ ಯಾರೂ ಮಲಗ್ಲಿಕ್ಕಿಲ್ಲ. ಬರುವ ವಾರ ಬರ್ತೇನೆ."

ಅವರು ಹೋದ ಮೇಲೆ ಭಾಗ್ಯಶ್ರೀ ಬಟ್ಟೆ ಮಡಚತೊಡಗಿದಳು. "ನೀವು ಚಿಂತಿ ಮಾಡಬ್ಯಾಡ್ರಿ ಅಜ್ಜಿ. ನಿಮ್ಮ ಪದ್ಧತಿ ನನ್ನ ಸಲುವಾಗಿ ಮುರಿಯೂದು ಬ್ಯಾಡ. ಕೊಡಿಯಾಲ್‌ಬೈಲಿನಾಗ ಗೆಳತಿ ರೂಮ್ ಐತಿ, ಪರೀಕ್ಷಾ ಮುಗಿಯೂತನಕ ಅಲ್ಲೇ ಇರ್ತೀನಿ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನು ಸಹಿಸುತ್ತಿದ್ದೆ. ಅವಳು ನಗುತ್ತಾ ಹೇಳಿದಳು. ಗೋಡೆ ಮಾಡಿದ ಕೆಮ್ಮಿಗೆ ನಾನು ಇಷ್ಟು ದಿನ ಕಷಾಯ ಕುದಿಸಿದ್ದೆನಲ್ಲ ಎಂದು ಆಗ ಹೊಳೆಯಿತು. ಈ ಮಗು ಹೋದರೆ ನನ್ನ ಉಪ್ಪಿನಕಾಯಿ ಭರಣಿ ನನಗೆ ವಾಪಸು ಸಿಗುತ್ತಿತ್ತು, ನಿಜ. ಬೇಡವೆನ್ನಿಸಿತು.

ಕಿಟಕಿ ತೆರೆಯಬೇಕಾದರೆ ಸಂಕಪ್ಪಣ್ಣನವರನ್ನು ಕೇಳಬೇಕು. ನಾಗ ಅವರ ಮನೆಯದ್ದು. ಅವರಿಗೂ ನಮಗೂ ಜಗಳವೇನಿಲ್ಲ. ಪ್ರತಿ ಬೇಸಗೆ ಅವರು ಮಾವಿನಹಣ್ಣು ಕಳಿಸುತ್ತಾರೆ, ನಾನು ಹಲಸಿನ ಹಪ್ಪಳ ಕಳಿಸುತ್ತೇನೆ. ಮಾತು ಮಾತ್ರ ಅಷ್ಟಕ್ಕಷ್ಟೇ. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಒಂದು ಕಟ್ಟು ಬಸಳೆ ಕಿತ್ತುಕೊಂಡು ಹೋದೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅವರು ಬಸಳೆಯನ್ನೂ ನನ್ನನ್ನೂ ನೋಡಿ, "ಬಸಳೆ ನಮ್ಮಲ್ಲೂ ಉಂಟಲ್ಲ ಅಕ್ಕ. ಎಂತ ವಿಷಯ?" ಎಂದರು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಕಂಬವನ್ನು ನೋಡಿಕೊಂಡು, ಇನ್‌ಸ್ಪೆಕ್ಟರು, ಕೆಮ್ಮು, ಬೂಷ್ಟು, ಅತ್ತೆ, ನಾಗ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಪೇಪರ್ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಅಂದ್ರೆ ಆ ಕಿಟಕಿ ಮುಚ್ಚಿದ್ದು ಮಾವಿನ ಗೆಲ್ಲಿಗೆ ಅಲ್ವಾ?"

"ಯಾವ ಗೆಲ್ಲು?"

"ಆ ವರ್ಷ ನಮ್ಮ ಮಾವಿನ ಗೆಲ್ಲು ಮುರಿದು ನಿಮ್ಮ ಹಂಚಿನ ಮೇಲೆ ಬಿತ್ತು. ಮಾರನೆ ವಾರ ನಿಮ್ಮ ಕಿಟಕಿ ಮುಚ್ಚಿತು. ನಮ್ಮ ಮುಖ ನೋಡ್ಲಿಕ್ಕೆ ಇವರಿಗೆ ಮನಸ್ಸಿಲ್ಲ ಅಂತ ನನ್ನ ಅಮ್ಮ ಸಾಯುವವರೆಗೆ ಬೇಜಾರು ಮಾಡಿಕೊಂಡರು. ಸಿಟ್ಟು ಇಳಿಯಲಿ ಅಂತ ಅಲ್ವಾ ಅಕ್ಕ ನಾವು ವರ್ಷವೂ ಹಣ್ಣು ಕಳಿಸುದು!"

ನಾನು ಬಸಳೆಯನ್ನು ಜಗಲಿಯ ಮೇಲಿಟ್ಟು ಕೂತೇಬಿಟ್ಟೆ. ಅವರು ಪ್ರಾಯಶ್ಚಿತ್ತಕ್ಕೆಂದು ಕಳಿಸಿದ ಹಣ್ಣನ್ನು ನಾವು ಪ್ರೀತಿಯೆಂದು ತಿಂದಿದ್ದೆವು. ಕೇಳಲು ಅವರಿಗೂ ಬಾಯಿ ಬರಲಿಲ್ಲ, ಹೇಳಲು ನಮಗೂ ಬರಲಿಲ್ಲ.

"ನಾಗನಿಗೆ ತೊಂದರೆ ಆಗುದಿಲ್ವಾ?" ಎಂದು ಕೊನೆಗೆ ಕೇಳಿದೆ.

"ಅಕ್ಕ, ನಾಗ ಕೂತದ್ದು ಪೂರ್ವಕ್ಕೆ ಮುಖ ಮಾಡಿ. ನಿಮ್ಮ ಮನೆ ಅವನ ಬೆನ್ನ ಹಿಂದೆ. ನಿಮ್ಮ ಕಿಟಕಿಯಲ್ಲಿ ಯಾರಿದ್ದಾರೆ ಅಂತ ಅವನು ತಿರುಗಿ ನೋಡುದಿಲ್ಲ. ನೋಡುವವರು ಇದ್ದರೆ ನಾವೇ. ಅದಕ್ಕೆ ಒಂದು ಪರದೆ ಹಾಕಿ, ಸಾಕು" ಎಂದು ಅವರು ಪಂಚೆ ಎತ್ತಿ ಕಟ್ಟಿ, "ನಡೀರಿ, ಕಪಾಟು ಸರಿಸುವ" ಎಂದು ಎದ್ದೇಬಿಟ್ಟರು.

ಕಪಾಟು ಸರಿಸಲು ನಮ್ಮ ಓಣಿಯ ಗಂಡಸರೆಲ್ಲ ಬಂದರು. ತಳ್ಳಿದವರಿಗಿಂತ ಹೇಗೆ ತಳ್ಳಬೇಕೆಂದು ಹೇಳಿದವರೇ ಜಾಸ್ತಿ. ಕಪಾಟಿನ ಹಿಂದಿನ ಗೋಡೆ ದೋಸೆ ಕಾವಲಿಯ ಬೆನ್ನಿನ ಹಾಗೆ ಕಪ್ಪಾಗಿತ್ತು. ತುಕ್ಕು ಹಿಡಿದ ಬೋಲ್ಟಿಗೆ ತೆಂಗಿನೆಣ್ಣೆ ಬಿಟ್ಟು ಸಂಕಪ್ಪಣ್ಣ ಜಗ್ಗಿದರು. ಕಿಟಕಿ ಒಮ್ಮೆ ನರಳಿ ತೆರೆಯಿತು. ಮಡಚಿದ ಬಟ್ಟೆಗಳ ಪಕ್ಕ ನಿಂತಿದ್ದ ಭಾಗ್ಯಶ್ರೀ, "ಅಜ್ಜಿ, ಗಾಳಿ ಬಂತ್ರೀ!" ಎಂದು ಕೂಗಿದಳು. ಕೆಳಗೆ ಕಟ್ಟೆಯ ಮೇಲೆ ನಾಗನ ಬೆನ್ನು ಕಂಡಿತು. ನಾನು ಆ ಬೆನ್ನಿಗೇ ಕೈ ಮುಗಿದೆ.

ಮರುವಾರ ಇನ್‌ಸ್ಪೆಕ್ಟರರು ಬಂದು ಹೊಸ ಕಬ್ಬಿಣದ ಹಿಡಿಯನ್ನು ಜೋರಾಗಿ ಅಲ್ಲಾಡಿಸಿದರು. ಅದು ಕೈಗೆ ಬರಲಿಲ್ಲ. ಕಿಟಕಿಗೆ ಬಲೆ, ಗೋಡೆಗೆ ಸುಣ್ಣ, ಟಾಂಕಿಗೆ ಮುಚ್ಚಳ, ಕವುಚಿ ಹಾಕಿದ ಕಡೆಯುವ ಕಲ್ಲು ಎಲ್ಲ ನೋಡಿ ಒಪ್ಪಿಗೆ ಕೊಟ್ಟರು. ಭಾಗ್ಯಶ್ರೀ ಬಟ್ಟೆಗಳನ್ನು ಬಿಚ್ಚಿ ಮತ್ತೆ ಹ್ಯಾಂಗರಿಗೆ ಹಾಕಿದಳು. ಕೆಮ್ಮು ಮೊದಲು ಕಡಿಮೆಯಾಯಿತು, ಪರೀಕ್ಷೆಯ ಹೊತ್ತಿಗೆ ನಿಂತೇಹೋಯಿತು. ಅದು ತನ್ನ ಕಷಾಯದಿಂದಲೇ ಹೋದದ್ದು ಎಂದು ಅಜ್ಜಿ ಎಲ್ಲರ ಹತ್ತಿರ ಹೇಳುತ್ತಾಳೆ ಎಂದು ಅವಳು ದೂರುವುದು ಸುಳ್ಳು. ನಾನು ಇಬ್ಬರ ಹತ್ತಿರ ಮಾತ್ರ ಹೇಳಿದ್ದೇನೆ.

ಯಾವುದೋ ಕಚೇರಿಯಲ್ಲಿ ಯಾರೋ ಒಬ್ಬರು, ನಮ್ಮ ಮನೆ ನೋಡದೆ, ಈ ಮಗುವಿನ ಕೆಮ್ಮು ಕೇಳದೆ, ಮಲಗುವ ಕೋಣೆಗೆ ತೆರೆಯುವ ಕಿಟಕಿ ಬೇಕು ಎಂದು ಬರೆದಿಟ್ಟರಲ್ಲ! ಅವರು ಯಾರೋ, ಇದ್ದಾರೋ ಇಲ್ಲವೋ ಗೊತ್ತಿಲ್ಲ. ಸಂಜೆ ದೀಪ ಹಚ್ಚುವಾಗ ಅವರಿಗೂ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುತ್ತೇನೆ. ಕಾನೂನು ಎಂದರೆ ಗದರುವುದಕ್ಕೇ ಇರುವುದು ಎಂದುಕೊಂಡಿದ್ದೆ. ಮಾತಾಡಲು ನಾಚುವವರ ಪರವಾಗಿ ಅದು ಬಂದು ಕೇಳುತ್ತದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಈಗ ಹುಡುಗಿಯರು ಕಾಲೇಜಿಗೆ ಹೋದ ಮೇಲೆ ನಾನು ಮೇಲೆ ಹೋಗಿ ಆ ಕಿಟಕಿಯ ಬಳಿ ಕೂರುತ್ತೇನೆ. ಕೆಳಗೆ ಸಂಕಪ್ಪಣ್ಣ ಹೂಗಿಡಗಳಿಗೆ ನೀರು ಹಾಕುತ್ತಿರುತ್ತಾರೆ. ಒಂದು ಮಾತಿನಿಂದ ಇನ್ನೊಂದು ಮಾತು ಬರುತ್ತದೆ. ಮೊನ್ನೆ ಅವರು, "ಅಕ್ಕ, ಬಿಸಿಲು ಏರಿತು, ಇನ್ನು ನಾನು ಸ್ನಾನಕ್ಕೆ ಹೋಗಬಹುದಾ?" ಎಂದು ಕೇಳಿದರು.

ಮಕ್ಕಳೇ, ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ. ಓದಲು ಚೆನ್ನಾಗಿದೆ ಎಂದಲ್ಲ. ಇನ್ನೂ ಮುದುಕಿಯಾದ ಮೇಲೆ ಒಂದು ದಿನ ನಾನೇ, ಯಾರು ಕೇಳಿದರೂ ಕಾರಣ ಹೇಳದೆ, ಆ ಕಿಟಕಿ ಮುಚ್ಚಿ ಎಂದು ಹಟ ಹಿಡಿದರೂ ಹಿಡಿದೇನು. ಆಗ ಇವುಗಳನ್ನು ತೆಗೆದು, ಸ್ವಲ್ಪ ಗಟ್ಟಿಯಾಗಿ, ನನಗೇ ಓದಿ ಹೇಳಿ.