ತಂದೆಯ ಕಡೆ, ತಾಯಿಯ ಕಡೆ

ಬೇರೆಯವರ ಮನೆಯ ವಿಷಯದಲ್ಲಿ ನನ್ನಷ್ಟು ಬುದ್ಧಿವಂತ ಮದ್ದೂರಿನಲ್ಲಿ ಇನ್ನೊಬ್ಬನಿರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನನಗೆ ಸಂಬಳ ಬರುತ್ತಿದ್ದದ್ದೇ ಅದಕ್ಕೆ. ಎಪ್ಪತ್ತರ ದಶಕದಲ್ಲಿ ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಅಪ್ಪ ಸತ್ತ ಮೇಲೆ ಜಮೀನಿನ ಖಾತೆ ಮಕ್ಕಳ ಹೆಸರಿಗೆ ಆಗಬೇಕಾದರೆ ವಂಶವೃಕ್ಷ ಬರೆದು ತರಬೇಕಲ್ಲ, ಅದನ್ನು ನೋಡುವವನು ನಾನೇ. ಚಿಕ್ಕರಸಿನಕೆರೆಯಿಂದ ಬಸ್ಸಿನಲ್ಲಿ ಬಂದವನು ಬೆವರು ಒರೆಸಿಕೊಳ್ಳುವ ಮೊದಲೇ ತಪ್ಪು ಹಿಡಿದು ಕೆಂಪು ಶಾಯಿಯಲ್ಲಿ ತಕರಾರು ಬರೆಯುತ್ತಿದ್ದೆ. ಅದರಲ್ಲೂ ಒಬ್ಬರ ಹೆಸರಿನಿಂದ ಕೆಳಕ್ಕೆ ಮಕ್ಕಳ ಗೆರೆ ಎಳೆದು, ತುದಿಯಲ್ಲಿ ಹೆಸರು ಬರೆಯದೆ ಬಿಟ್ಟಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಕ್ಕಳಿದ್ದರೆ ಹೆಸರು ಬರಿ, ಇಲ್ಲದಿದ್ದರೆ ಗೆರೆ ಎಳೆಯಬೇಡ ಎಂದು ವಾಪಸ್ ಕಳಿಸುತ್ತಿದ್ದೆ. ನನಗೆ ‘ಖಾಲಿ ಗೆರೆ ಗುಮಾಸ್ತ’ ಎಂದು ಹೆಸರಿತ್ತಂತೆ. ಎದುರಿಗೆ ಮಾತ್ರ ಯಾರೂ ಅನ್ನಲಿಲ್ಲ.

ನನ್ನ ಸ್ವಂತ ವಂಶದ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಸಂಗತಿ, ನಮ್ಮವ್ವನ ಕೆನ್ನೆ ಕೆಂಪಗಿತ್ತು ಎನ್ನುವುದು. ನಾನು ನಾಲ್ಕು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಮುಖ ನೆನಪಿಲ್ಲ, ಫೋಟೋ ಇಲ್ಲ. ಮಳವಳ್ಳಿಗೆ ಕೊಟ್ಟಿದ್ದ ಅಕ್ಕ ನನ್ನನ್ನು ಸಾಕಿದಳು, ಕಡೆಗೆ ತನ್ನ ಮಗಳು ಜಯಮ್ಮನನ್ನೇ ನನಗೆ ಕೊಟ್ಟು ಮದುವೆ ಮಾಡಿದಳು. ಜಯಮ್ಮ ಇವತ್ತಿಗೂ ನನ್ನನ್ನು ಮಾವ ಎಂದೇ ಕರೆಯುತ್ತಾಳೆ. ನಮ್ಮ ಒಬ್ಬಳೇ ಮಗಳು ಸುಶೀಲೆಗೆ ಹದಿನೆಂಟು ತುಂಬಿದ ಬೇಸಿಗೆಯಲ್ಲಿ ಅವಳ ಎರಡು ಕೆನ್ನೆಯ ಮೇಲೂ ಮೂಗಿನ ಮೇಲೂ ಕೆಂಪೇರಿತು. ಅವ್ವನೇ ತಿರುಗಿ ಬಂದಳೆಂದು ಬಂದವರಿಗೆಲ್ಲ ತೋರಿಸಿ ಹಿಗ್ಗಿದೆ. ಆಮೇಲೆ ಜ್ವರ ಶುರುವಾಯಿತು. ಬೆಳಿಗ್ಗೆ ಬೆರಳು ಮಡಿಸಲಾಗದೆ, ಇಷ್ಟೆತ್ತರದ ಹುಡುಗಿ ಜಡೆ ಹಾಕಿಸಿಕೊಳ್ಳಲು ತಾಯಿಯ ಮುಂದೆ ಕೂರತೊಡಗಿದಳು. ಡಾಕ್ಟರಿಗೆ ತೋರಿಸೋಣವೆಂದ ಜಯಮ್ಮನಿಗೆ, ಕೆನ್ನೆ ಕೆಂಪಾದದ್ದಕ್ಕೆಲ್ಲ ಸೂಜಿ ಚುಚ್ಚಿಸಬೇಕೇ ಎಂದು ರೇಗಿದೆ. ಹೀಗೆ ನಾಲ್ಕು ತಿಂಗಳು ಕಳೆದೆ.

ಕೊನೆಗೆ ಮೈಸೂರಿನ ಡಾಕ್ಟರು ಅದಕ್ಕೆ ಲ್ಯೂಪಸ್ ಎಂದು ಹೆಸರು ಹೇಳಿದರು. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ಕಾಯಿಲೆಯಂತೆ. ಹೆಣ್ಣುಮಕ್ಕಳಿಗೇ ಹೆಚ್ಚಂತೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಇರಬೇಕು. ಇದು ಯಾರಿಂದ ಬಂತು ಎಂದು ಕೇಳಿದೆ, ಕಚೇರಿಯ ಗತ್ತಿನಲ್ಲೇ. ಇಂಥವರಿಂದ ಎಂದು ಬೆರಳು ತೋರಿಸುವ ಹಾಗಿಲ್ಲ, ರಕ್ತದಲ್ಲಿ ಈ ಕಾಯಿಲೆಯ ಕಡೆಗೆ ಒಂದಿಷ್ಟು ವಾಲಿಕೆ ಬರಬಹುದು, ಅದೊಂದೇ ಸಾಲದು, ಬಿಸಿಲೋ ಇನ್ನೊಂದೋ ಜೊತೆ ಸೇರಬೇಕು ಎಂದರು. ಎರಡೂ ಕಡೆ ಯಾರಿಗೆ ಏನೇನು ಕಾಯಿಲೆ ಇತ್ತೆಂದು ವಂಶವೃಕ್ಷದ ಹಾಗೆ ಬರೆದುಕೊಂಡು ಬನ್ನಿ ಎಂದರು. ನನಗೆ ಹೇಳಬೇಕೆ! ಅಂಥ ದುಃಖದಲ್ಲೂ ಎದೆ ಒಂದು ಗೇಣು ಉಬ್ಬಿತು.

ಮನೆಗೆ ಬಂದು ಹಾಳೆಯ ನಡುವೆ ಗೆರೆ ಹೊಡೆದು ಒಂದು ಬದಿಗೆ ತಂದೆಯ ಕಡೆ, ಇನ್ನೊಂದು ಬದಿಗೆ ತಾಯಿಯ ಕಡೆ ಎಂದು ಬರೆದೆ. ತಾಯಿಯ ಕಡೆ ತುಂಬಿ ತುಳುಕಿತು. ಭಾವನ ಗೂರಲು, ಭಾವನ ತಮ್ಮನ ಮೂಲವ್ಯಾಧಿ, ಯಾರದೋ ಮೆಳ್ಳೆಗಣ್ಣು, ಅಕ್ಕನ ಮಂಡಿನೋವು, ಒಂದನ್ನೂ ಬಿಡಲಿಲ್ಲ. ತಂದೆಯ ಕಡೆ ‘ಎಲ್ಲರೂ ಆರೋಗ್ಯವಂತರು’ ಎಂದು ಒಂದೇ ಸಾಲು. ಜಯಮ್ಮ ಅದನ್ನು ನಿಧಾನವಾಗಿ ಓದಿದಳು.

“ಮಾವ, ನಮ್ಮವ್ವನ ಮಂಡಿನೋವ ನನ್ ಕಡೆಗೆ ಬರ್ದಿದ್ದೀರಲ್ಲ, ನಮ್ಮವ್ವ ನಿಮ್ಗೇನಾಗ್ಬೇಕು?”

ಭಾನುವಾರ ಮಳವಳ್ಳಿ ಬಸ್ಸು ಹತ್ತಿ ಅಕ್ಕನ ಹತ್ತಿರ ಹೋದೆ, ಅವ್ವನಿಗೇನಾದರೂ ಕಾಯಿಲೆ ಇತ್ತೇ ಎಂದು ಕೇಳಿದೆ. ಅಕ್ಕ ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರದಲ್ಲೇ ಬಿಟ್ಟಳು.

“ಬಿಸ್ಲಿಗೋದ್ರೆ ಸಾಕು, ಅವ್ವನ ಕೆನ್ನೆ ಕೆಂಪಾಗೋದು ಕಣ್ಲಾ. ಬೆರ್ಳು ಊದ್ಕಂಡು ರಾಗಿ ಬೀಸಕ್ಕಾಯ್ತಿರ್ನಿಲ್ಲ. ಅಜ್ಜಿ ಮೈಗಳ್ಳಿ ಅಂತ ಬಯ್ಯೋಳು, ಊರೋರು ಚೆಂದುಳ್ಳಿ ಅನ್ನೋರು. ಅದು ಚೆಂದ ಅಲ್ಲ ಕಣ್ಲಾ, ಉರಿ.”

ಅವ್ವನಿಗೆ ಇದ್ದದ್ದು ಇದೇ ಕಾಯಿಲೆಯೋ ಅಲ್ಲವೋ ಈಗ ಯಾವ ಡಾಕ್ಟರೂ ಹೇಳಲಾರರು. ಆದರೆ ನನಗೆ ಅವ್ವ ಬಿಟ್ಟುಹೋಗಿದ್ದ ಒಂದೇ ಆಸ್ತಿ ಆ ಕೆನ್ನೆಯ ಕೆಂಪಾಗಿತ್ತು. ಅವತ್ತು ಬಸ್ಸಿನಲ್ಲಿ ಅಳು ತಡೆಯಲಾಗದೆ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಮನೆಯಲ್ಲಿ ಹೊಸ ಹಾಳೆ ತೆಗೆದೆ. ಈ ಸಲ ಯಾವ ಕಡೆಯಿಂದ ಹತ್ತಿದರೂ ಗೆರೆ ಅವ್ವನ ಹತ್ತಿರವೇ ಹೋಗಿ ನಿಲ್ಲುತ್ತಿತ್ತು. ಸುಶೀಲೆ ಊದಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ನೋಡುತ್ತಿದ್ದಳು. ಇವಳ ಮಕ್ಕಳಿಗೆ ಬಂದೇ ಬರುತ್ತದೆ ಎಂದೇನಿಲ್ಲ, ಆದರೆ ಬಸುರಾದಾಗ ಬಹಳ ಹುಷಾರಾಗಿರಬೇಕು ಎಂದು ಡಾಕ್ಟರು ಹೇಳಿದ್ದು ಅವಳ ಎದುರಿಗೇ. ಬರೆಯುವ ಭರದಲ್ಲಿ ಅವಳ ಹೆಸರಿನಿಂದಲೂ ಕೆಳಕ್ಕೆ ಒಂದು ಗೆರೆ ಎಳೆದುಬಿಟ್ಟಿದ್ದೆ. ಕಂಡ ತಕ್ಷಣ ಕೆರೆದು ತೆಗೆಯಲು ಬ್ಲೇಡಿಗೆ ಕೈ ಹಾಕಿದೆ.

“ಇರ್ಲಿ ಬುಡಪ್ಪ,” ಎಂದಳು ಸುಶೀಲೆ. “ಅಳಿಸ್ಬೇಡ.”

ಬ್ಲೇಡು ಕೆಳಗಿಟ್ಟೆ. ತಲೆತಗ್ಗಿಸಿಕೊಂಡು ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟೆ. ನನ್ನ ಇಡೀ ನೌಕರಿಯಲ್ಲಿ ತಕರಾರಿಲ್ಲದೆ ನನ್ನ ಕೈ ದಾಟಿದ ಖಾಲಿ ಗೆರೆ ಅದೊಂದೇ.